ಅರ್ಧಕ್ಕೆ ನಿಂತ ಕಸೂತಿ

ಸೋದರಿಯರೇ, ನಿಮ್ಮ ಪೆಟ್ಟಿಗೆಯ ತಳದಲ್ಲಿಯೂ ಅರ್ಧಕ್ಕೆ ನಿಂತ ಹೊಲಿಗೆಯೊಂದು ಇರಬಹುದಲ್ಲವೇ? ದೇವರ ಹಿಪ್ಪರಗಿಯಲ್ಲಿರುವ ತಂಗಿಯ ಮಗುವಿಗೆಂದು ನಾನೊಂದು ಕುಂಚಿಗೆಗೆ ಕಸೂತಿ ತೊಡಗಿದೆ. ತೊಟ್ಟಿಲ ಶಾಸ್ತ್ರ ಮುಗಿಯಿತು, ಮಗು ಅಂಬೆಗಾಲಿಟ್ಟಿತು. ತೇರಿಗೆ ಕಳಸ ಮಾತ್ರ ಏರಲಿಲ್ಲ. 12ನೆಯ ಶತಮಾನದಲ್ಲಿ ಶರಣರ ಬಟ್ಟೆಯನ್ನು ಮಡಿಮಾಡುವುದನ್ನೇ ಕಾಯಕವಾಗಿಸಿಕೊಂಡ ಮಡಿವಾಳ ಮಾಚಯ್ಯನ ಹುಟ್ಟೂರೆಂದು ಪ್ರಸಿದ್ಧವಾದುದು ಆ ಊರು. ಅಲ್ಲಿಗೆ ಅರೆಗೆಲಸದ ಬಟ್ಟೆಯನ್ನು ಒಯ್ಯುವುದೆಂತು?

ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು 4 ಬಗೆ. ಗವಂತಿಯಲ್ಲಿ ಸೂಜಿಯು ಬಟ್ಟೆಯ ಎಳೆಗಳನ್ನೆಣಿಸುತ್ತ, ನಡುನಡುವೆ ಎಡೆ ಬಿಟ್ಟು ಸಾಗುತ್ತದೆ. ಮರಳುವಾಗ ಆ ಎಡೆಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ, ಒಳಮೈ ಹೊರಮೈಗಳೆರಡೂ ಒಂದೇ ತೆರನಾಗಿರಬೇಕು. ಒಂದೆಳೆ ತಪ್ಪಿದರೂ ಮರಳುವ ದಾರಿ ಕೂಡದು. ನಾನು ನಿಂತದ್ದೂ ಅಲ್ಲಿಯೇ. ಎಣಿಕೆ ತಪ್ಪಿತ್ತು, ಬಿಚ್ಚಲು ಮನಸ್ಸಿರಲಿಲ್ಲ.

"ಬಿಚ್ಚುವುದೂ ಹೊಲಿಗೆಯೇ ಅಲ್ಲವೇನಮ್ಮಾ?" ಎಂದು ಅತ್ತೆಯವರು ಒಂದು ಸಂಜೆ ನಕ್ಕರು. ಮರುದಿನವೇ 3 ಸಾಲು ಬಿಚ್ಚಿದೆ. ವಾರದೊಳಗೆ ಕಳಸವೇರಿತು.

ಉಡುಗೊರೆಗೆಂದು ಹೊಲಿಯುವವರಿಗೆ ನನ್ನ ಅನುಭವದ ಮಾತಿಷ್ಟೆ: ಗೋಪುರ, ತೇರುಗಳಿಗಿಂತ ಮೊದಲು ಗಿಳಿಯನ್ನೋ ತುಳಸಿಕಟ್ಟೆಯನ್ನೋ ಆರಿಸಿರಿ. ಕಪ್ಪು ಬಟ್ಟೆಯಾದರೆ ಹಗಲಿನಲ್ಲಿಯೇ ಎಳೆ ಎಣಿಸಿರಿ. ಅಂದು ಹೊರಟ ಸಾಲು ಅಂದೇ ಮರಳಿ ಬರುವಷ್ಟನ್ನು ಮಾತ್ರ ಹಿಡಿಯಿರಿ. ದಿನಕ್ಕೊಮ್ಮೆ ಹಿಂಬದಿಯನ್ನು ತಿರುವಿ ನೋಡಿರಿ.

ಆ ಕುಂಚಿಗೆ ಹಿರಿಯ ಮಗುವಿಗೆ ಸಾಲದಾಯಿತು, ನಿಜ. ಆದರೆ ಅದನ್ನು ತೊಟ್ಟು ಅದರ ತಮ್ಮ ಈಗ ನಗುತ್ತಿದ್ದಾನೆ. ನಿಮ್ಮ ಪೆಟ್ಟಿಗೆಯನ್ನೂ ಇಂದೇ ತೆರೆಯಿರಿ.