ಕೊನೇ ಸ್ಟಾಪಿನಲ್ಲಿ ಇಳಿಯುವ ಕಿರಣ

ಬೆಂಗಳೂರಿನ ನಾಗರಬಾವಿಯ ನಮ್ಮ ರಸ್ತೆಯ ಅಕ್ಕನೊಬ್ಬರು ಮೊನ್ನೆ ಸೊಪ್ಪಿನ ಗಾಡಿ ಹತ್ತಿರ ನನ್ನನ್ನು ನಿಲ್ಲಿಸಿ ಮೊಬೈಲ್ ತೋರಿಸಿದರು. ಗರ್ಭಕಂಠದ ಕ್ಯಾನ್ಸರಿಗೆ ಆಪರೇಷನ್ ಆಗಿ ತಿಂಗಳಾಗಿದೆ, ಇನ್ನು ‘ಕರೆಂಟ್’, ಅಂದರೆ ವಿಕಿರಣ ಚಿಕಿತ್ಸೆ, ಕೊಡಬೇಕು. ಮಗ ಕಳಿಸಿದ ವಿಡಿಯೊದಲ್ಲಿ ಪ್ರೋಟಾನ್ ಯಂತ್ರ. “ಚೆನ್ನೈನಲ್ಲಿ ಇದೆಯಂತೆ ಕಣೇ. ಮನೆ ಅಡ ಇಟ್ಟಾದ್ರೂ ಹೋಗೋಣ ಅಂತಾನೆ. ಹೋಗ್ಲಾ?”

ಕೊತ್ತಂಬರಿ ಕಟ್ಟು ಕೈಲಿ ಹಿಡಿದುಕೊಂಡು ಉತ್ತರಿಸುವ ಪ್ರಶ್ನೆಯಲ್ಲ ಅದು.

ಗರ್ಭಕೋಶ ತೆಗೆದ ಮೇಲೆ ಅದಿದ್ದ ಜಾಗ ಖಾಲಿ ಉಳಿಯುವುದಿಲ್ಲ. ಸಣ್ಣ ಕರುಳು ಜಾರಿ ಬಂದು ಅಲ್ಲಿ ಕೂರುತ್ತದೆ. ಕಿರಣ ಬೀಳಬೇಕಾದದ್ದೂ ಅಲ್ಲಿಗೇ. ಮಾಮೂಲಿ ಚಿಕಿತ್ಸೆಯ ಎಕ್ಸ್-ರೇ ಗುರಿ ದಾಟಿ, ಮೈಯ ಆಚೆ ಬದಿಯಿಂದ ಹೊರಬೀಳುತ್ತದೆ. ಪ್ರೋಟಾನ್ ಹಾಗಲ್ಲ. ಕೊನೇ ಸ್ಟಾಪಿನಲ್ಲಿ ಮೂಟೆ ಇಳಿಸುವ ಪ್ರಯಾಣಿಕನಂತೆ, ಶಕ್ತಿಯ ಬಹುಪಾಲನ್ನು ನಿಲ್ಲುವ ಜಾಗದಲ್ಲೇ ಸುರಿದು ಮುಗಿಯುತ್ತದೆ. ಈ ಗುಣ ಚಿಕಿತ್ಸೆಗೆ ಒದಗೀತೆಂದು ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲೇ ಬರೆದಿದ್ದರು. ಭಾರತದಲ್ಲಿ ಪ್ರೋಟಾನ್ ಚಿಕಿತ್ಸೆ ಶುರುವಾದದ್ದು 2019ರಲ್ಲಿ, ಚೆನ್ನೈನ ಅಪೋಲೊ ಆಸ್ಪತ್ರೆಯಲ್ಲಿ. 2023ರಲ್ಲಿ ನವಿ ಮುಂಬೈ ಖಾರ್ಘರ್‌ನ ಟಾಟಾ ಕೇಂದ್ರವೂ ಸೇರಿತು.

ಪ್ರೋಟಾನಿನಿಂದ ಕರುಳಿಗೂ ಮೂಳೆಯ ಮಜ್ಜೆಗೂ ಏಟು ಕಡಿಮೆ ಎನ್ನುವುದು ಕಂಪ್ಯೂಟರಿನ ಲೆಕ್ಕದಲ್ಲಿ ನಿಜ. ಆದರೆ ಕರುಳಿನಲ್ಲಿ ಗ್ಯಾಸ್ ದಿನಕ್ಕೊಂದು ಥರ. ಗ್ಯಾಸ್ ಹೆಚ್ಚಾದ ದಿನ ಪ್ರೋಟಾನ್ ಸ್ಟಾಪ್ ತಪ್ಪಿ ಮುಂದೆ ಇಳಿಯಬಹುದು. ಆಪರೇಷನ್ ಆದ ಹೆಂಗಸರ ಮೇಲೆ ನಡೆದಿರುವ ಪ್ರೋಟಾನ್ ಅಧ್ಯಯನಗಳೂ ಚಿಕ್ಕವು. ಜರ್ಮನಿಯ ಹೈಡೆಲ್‌ಬರ್ಗಿನ ಅಧ್ಯಯನದಲ್ಲಿ ಇದ್ದದ್ದು 25 ಮಂದಿ.

ಇಂಥ ಹೆಂಗಸರ ಕರುಳನ್ನೇ ಗಮನದಲ್ಲಿಟ್ಟ ದೊಡ್ಡ ಪರೀಕ್ಷೆಯೊಂದು ನಮ್ಮ ದೇಶದಲ್ಲೇ ನಡೆಯಿತು. ಮುಂಬೈನ ಟಾಟಾ ಸ್ಮಾರಕ ಕೇಂದ್ರದ ಡಾ. ಸುಪ್ರಿಯಾ ಚೋಪ್ರಾ ಮತ್ತು ಸಂಗಡಿಗರು 300 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಹಳೆಯ ರೀತಿಯ ವಿಕಿರಣ, ಇನ್ನೊಂದಕ್ಕೆ ಚಿತ್ರ ತೆಗೆದು ಗುರಿ ನೋಡಿಕೊಂಡು ಕೊಡುವ ಐಎಂಆರ್‌ಟಿ, ಅಂದರೆ ಕಿರಣದ ತೀವ್ರತೆಯನ್ನು ಜಾಗಕ್ಕೆ ತಕ್ಕಂತೆ ಹೊಂದಿಸುವ ವಿಧಾನ. ಎರಡೂ ಎಕ್ಸ್-ರೇಯೇ. ಕ್ಯಾನ್ಸರ್ ಹತೋಟಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮೂರು ವರ್ಷದಲ್ಲಿ ಕರುಳಿನ ಗಣನೀಯ ತೊಂದರೆ ಮೊದಲ ಗುಂಪಿನಲ್ಲಿ ಶೇ 42.4, ಎರಡನೆಯದರಲ್ಲಿ ಶೇ 21.1. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ.

‘ಕರುಳಿನ ತೊಂದರೆ’ ಅಂದರೆ ಏನು? ಮದುವೆಮನೆಗೆ ಕಾಲಿಟ್ಟ ಕೂಡಲೇ ಕಣ್ಣು ಮೊದಲು ಬಾತ್‌ರೂಮ್ ಹುಡುಕುವುದು. ಮೈಸೂರು ಬಸ್ ಹತ್ತಲು ಹೆದರಿ ತವರಿಗೆ ಹೋಗುವುದನ್ನೇ ಬಿಡುವುದು. ಮಗನ ಹತ್ತಿರ ಹೇಳಲು ನಾಚಿಕೆ, ಡಾಕ್ಟರ ಹತ್ತಿರ ಹೇಳಲು ಸಂಕೋಚ. ಅರ್ಧಕ್ಕೆ ಇಳಿದದ್ದು ಈ ಸಂಕಟ. ಇಳಿಸಿದ ತಂತ್ರ ಬೆಂಗಳೂರಿನಲ್ಲೇ ಸಿಗುತ್ತದೆ.

ಸಿಗುವುದು ಬೇರೆ, ದಕ್ಕುವುದು ಬೇರೆ. ಆ ಪರೀಕ್ಷೆಯ ಲೆಕ್ಕ 25 ಸಿಟಿಂಗ್, ಅಂದರೆ ವಾರಕ್ಕೆ ಐದರಂತೆ ಐದು ವಾರ. ಪ್ರತಿದಿನ ಮೂತ್ರ ಖಾಲಿ ಮಾಡಿ, ಅಳತೆಯ ನೀರು ಕುಡಿದು, ಮೂತ್ರಕೋಶ ತುಂಬುವ ತನಕ ಕಾಯಬೇಕು. ತುಂಬಿದ ಮೂತ್ರಕೋಶ ಕರುಳನ್ನು ಮೇಲಕ್ಕೆ ತಳ್ಳಿ ಕಿರಣದ ದಾರಿಯಿಂದ ಸರಿಸುತ್ತದೆ. ಅರ್ಧ ಲೀಟರ್ ನೀರಿನ ಈ ಉಪಕಾರಕ್ಕೆ ಬಿಲ್ ಇಲ್ಲ. ಸರದಿ ತಡವಾದರೆ ಮಾತ್ರ ಹಲ್ಲು ಕಚ್ಚಿ ಕೂರಬೇಕು.

2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ. ಆದರೆ ನಾಗರಬಾವಿಯಿಂದ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗುವವಳ ಐದು ವಾರದ ಸಂಬಳ ಯಾರು ಕೊಡುತ್ತಾರೆ? ಒಂದು ದಿನ ತಪ್ಪುತ್ತದೆ, ಆಮೇಲೆ ಎರಡು. ತಪ್ಪಿದಷ್ಟೂ ಚಿಕಿತ್ಸೆಯ ಫಲ ಕುಗ್ಗುತ್ತದೆ.

ಪ್ರೋಟಾನ್ ಬೇಡವೆಂದಲ್ಲ. ಮಕ್ಕಳ ಗಡ್ಡೆಗಳಿಗೆ, ಒಮ್ಮೆ ವಿಕಿರಣ ಬಿದ್ದ ಜಾಗಕ್ಕೇ ಮತ್ತೆ ಕೊಡಬೇಕಾದಾಗ ಅದರ ಬೆಲೆ ದೊಡ್ಡದು. ಆದರೆ ಗರ್ಭಕೋಶ ತೆಗೆಸಿಕೊಂಡ ಸಾವಿರಾರು ಹೆಂಗಸರ ಹೆಸರಿನಲ್ಲಿ ಸರ್ಕಾರ ದುಡ್ಡು ಹಾಕುವುದಾದರೆ ಮೊದಲು ಹಾಕಬೇಕಾದದ್ದು ಪ್ರತಿ ಜಿಲ್ಲೆಗೊಂದು ಐಎಂಆರ್‌ಟಿ ಯಂತ್ರಕ್ಕೆ, ಅದನ್ನು ನಡೆಸುವ ಕೈಗಳಿಗೆ, ಐದು ವಾರದ ಕೂಲಿಗೆ.

ಅಕ್ಕನಿಗೆ ಸಂಜೆ ಮನೆಗೆ ಹೋಗಿ ಹೇಳಿದೆ: “ಮನೆ ಪತ್ರ ಅಡ ಇಡೋಕೆ ಮುಂಚೆ ನಿಮ್ಮ ಡಾಕ್ಟರನ್ನ ಎರಡು ಮಾತು ಕೇಳಿ. ಐಎಂಆರ್‌ಟಿ ಕೊಡ್ತೀರಾ? ದಿನಾ ಚಿತ್ರ ತೆಗೆದು ನೋಡ್ತೀರಾ?” ಅವರು ಕ್ಯಾಲೆಂಡರಿನ ಹಿಂದೆ ಎರಡನ್ನೂ ಬರೆದುಕೊಂಡು, ಮೂರನೆಯದನ್ನು ತಾವೇ ಸೇರಿಸಿದರು: “ಬಾತ್‌ರೂಮ್ ಎಷ್ಟು ಹತ್ರ ಇದೆ?”