ಕಾಯುವವರೂ ನಾವೂ

ಏಪ್ರಿಲ್ 14 ಎಂದೊಡನೆ ನಮ್ಮ ಬಂಧುಗಳಿಗೆ ನೆನಪಾಗುವುದು ಬಾಬಾಸಾಹೇಬ ಅಂಬೇಡ್ಕರರ ಜಯಂತಿ. ಅದು ತಕ್ಕುದೇ. ಆದರೆ ಮುಂಬಯಿ ಶಹರದ ಮಟ್ಟಿಗೆ ಆ ತಾರೀಖಿಗೆ ಇನ್ನೊಂದು ನೆನಪೂ ಅಂಟಿಕೊಂಡಿದೆ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟೈಕಿನ್’ ಎಂಬ ಹಡಗಿಗೆ ಬೆಂಕಿ ಬಿತ್ತು. ಅದರೊಳಗೆ ಹತ್ತಿಯ ಬೇಲುಗಳೂ ಇದ್ದವು, ಯುದ್ಧಕ್ಕೆಂದು ತಂದ ಸಿಡಿಮದ್ದೂ ಇತ್ತು. ಸಂಜೆ ನಾಲ್ಕು ದಾಟುತ್ತಿದ್ದಂತೆ ಹಡಗು ಸಿಡಿಯಿತು. ಆರಿಸಲು ಹೋಗಿದ್ದ ಅಗ್ನಿಶಾಮಕ ದಳದವರಲ್ಲಿ 66 ಮಂದಿ ಅಲ್ಲಿಯೇ ಪ್ರಾಣ ಕೊಟ್ಟರು. ಪ್ರತಿ ವರ್ಷ ಏಪ್ರಿಲ್ 14ರಿಂದ 20ರ ವರೆಗೆ ದೇಶದಲ್ಲೆಲ್ಲ ಅಗ್ನಿಶಾಮಕ ಸಪ್ತಾಹವನ್ನು ಆಚರಿಸುವುದು ಅವರ ಸ್ಮರಣೆಗಾಗಿ.

ನಾವು ‘ಬಂಬ್‌ವಾಲಾ’ ಎಂದು ಕರೆಯುವ ಈ ಜನರ ವಿಷಯದಲ್ಲಿ ನಮ್ಮ ಕೃತಜ್ಞತೆ ಬಹಳ ಅಗ್ಗದ್ದು. ಗಂಟೆ ಬಾರಿಸಿಕೊಂಡು ಕೆಂಪು ಗಾಡಿ ಹೋದರೆ ಒಂದು ಕ್ಷಣ ತಲೆಯೆತ್ತಿ ನೋಡುತ್ತೇವೆ. ಗಾಡಿ ತಡವಾಗಿ ಬಂದರೆ ಬಾಯಿಗೆ ಬಂದಂತೆ ಬಯ್ಯುತ್ತೇವೆ. 2015ರ ಮೇ ತಿಂಗಳಲ್ಲಿ ಕಾಲಬಾದೇವಿಯ ಹಳೆಯ ಕಟ್ಟಡವೊಂದಕ್ಕೆ ಬೆಂಕಿ ಹತ್ತಿದಾಗ ಒಳಗಿದ್ದವರನ್ನು ಹೊರಗೆ ಕಳುಹಿಸಿ, ಬೆಂಕಿಯೊಡನೆ ಹೋರಾಡುತ್ತಿದ್ದವರ ಮೇಲೆ ಕಟ್ಟಡವೇ ಕುಸಿಯಿತು. ದಳದ ಮುಖ್ಯಾಧಿಕಾರಿ ಸುನಿಲ್ ನೇಸರೀಕರರೂ ಸೇರಿ ನಾಲ್ವರು ಅಧಿಕಾರಿಗಳು ತೀರಿಕೊಂಡರು. ಮುಖ್ಯಾಧಿಕಾರಿಯಾದವನು ರಸ್ತೆಯಲ್ಲಿ ನಿಂತು ಹುಕುಂ ಕೊಡಬಹುದಿತ್ತು. ಆತ ಹಾಗೆ ಮಾಡಲಿಲ್ಲ. ಕಾಯುವವರು ಇಂಥವರು.

ಇನ್ನು ನಾವು ಎಂಥವರು?

ಡಾಕಿನ ಅನಾಹುತದ ಬಗ್ಗೆ ಬರೆದವರು ಒಂದು ಸಂಗತಿ ಹೇಳುತ್ತಾರೆ. ದಳಕ್ಕೆ ಸುದ್ದಿ ಮುಟ್ಟುವುದಕ್ಕೆ ಬಹಳ ಮೊದಲೇ, ಮಧ್ಯಾಹ್ನದ ಊಟದ ಹೊತ್ತಿಗೆ, ಆ ಹಡಗಿನಿಂದ ತೆಳುವಾದ ಹೊಗೆ ಏಳುವುದು ಪಕ್ಕದ ಹಡಗುಗಳ ಕೆಲವರಿಗೆ ಕಂಡಿತ್ತಂತೆ. ಆ ಹಡಗಿನವರೇ ಸುಮ್ಮನಿರುವಾಗ ನಮಗೇಕೆ ಎಂದು ಅವರೂ ಸುಮ್ಮನಾದರು. ನಮ್ಮ ಅಡಿಗೆಮನೆಗಳಲ್ಲಿ ಈ ಮಾತು ದಿನವೂ ನಡೆಯುತ್ತದೆ. ಗ್ಯಾಸಿನ ವಾಸನೆ ಮೊದಲು ಬರುವುದು ಕ್ಲೀನರ್ ಹುಡುಗನ ಮೂಗಿಗೆ. ಅವನು ಭಟ್ಟರ ಮುಖ ನೋಡುತ್ತಾನೆ, ಭಟ್ಟರು ಮ್ಯಾನೇಜರನ ಮುಖ ನೋಡುತ್ತಾರೆ, ಮ್ಯಾನೇಜರನಿಗೆ ಗಲ್ಲೆಯ ಮುಂದೆ ನಿಂತ ಗಿರಾಕಿಗಳ ಚಿಂತೆ. 2015ರ ಅಕ್ಟೋಬರಿನಲ್ಲಿ ಕುರ್ಲಾದ ಒಂದು ಹೋಟೆಲಿನಲ್ಲಿ ಗ್ಯಾಸು ಸೋರಿ ಬೆಂಕಿ ಹತ್ತಿ ಎಂಟು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಊಟಕ್ಕೆಂದು ಬಂದ ಕಾಲೇಜು ಮಕ್ಕಳು. ಅಟ್ಟದ ಮೇಲೆ ಕುಳಿತಿದ್ದ ಅವರಿಗೆ ಕೆಳಗಿಳಿಯಲು ದಾರಿ ಸಿಗಲಿಲ್ಲ.

ಎರಡು ವರ್ಷದ ಮೇಲೆ, 2017ರ ಡಿಸೆಂಬರ್ 29ರ ನಡುರಾತ್ರಿ, ಲೋವರ್ ಪರೇಲಿನ ಕಮಲಾ ಮಿಲ್ಸ್ ಆವಾರದಲ್ಲಿ ಮಹಡಿಯ ಮೇಲಿನ ಹೋಟೆಲುಗಳಿಗೆ ಬೆಂಕಿ ಬಿದ್ದು 14 ಮಂದಿ ಹೋದರು. ನಮ್ಮ ಗಿರಣಿ ಬಂಧುಗಳಿಗೆ ಆ ಭಾಗವನ್ನು ಪರಿಚಯಿಸಬೇಕಿಲ್ಲ. ಭೋಂಗಾ ನಿಂತು, ಚಕ್ರ ನಿಂತು, ಅಲ್ಲೆಲ್ಲ ಹೋಟೆಲು ಆಫೀಸುಗಳು ಎದ್ದವು. ಸತ್ತವರಲ್ಲಿ ಬಹಳ ಜನ ಶೌಚಾಲಯದಲ್ಲಿ ಹೊಗೆಗೆ ಉಸಿರು ಕಟ್ಟಿ ಸತ್ತರು. ಹೊರಬೀಳುವ ಹಾದಿ ಅವರಿಗೆ ಗೊತ್ತಾಗಲಿಲ್ಲ. ಅದೇ ರಾತ್ರಿ ಅಲ್ಲಿನ ಕಾವಲುಗಾರನೊಬ್ಬ ಹಾದಿ ತೋರಿಸಿ ಅನೇಕರನ್ನು ದಾಟಿಸಿದನೆಂದು ಪತ್ರಿಕೆಗಳಲ್ಲಿ ಬಂತು. ಸಂಬಳದಲ್ಲಿ ಅವನು ನಮ್ಮಂಥವನೇ. ಹಾದಿ ಅವನಿಗೆ ಗೊತ್ತಿತ್ತು, ಅಷ್ಟೇ.

ಬಂಬಿನವರು ಎಷ್ಟು ಶೂರರಾದರೂ ಅವರು ಬರುವುದು ಕರೆದ ಮೇಲೆ. ಕರೆಯುವುದಕ್ಕೆ ಮೊದಲಿನ ನಾಲ್ಕೈದು ನಿಮಿಷ ನಮ್ಮ ಕೈಯಲ್ಲಿದೆ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ನೆಲಕ್ಕಿಳಿದು ಮೋರಿಯಲ್ಲಿ, ಕಟ್ಟೆಯಡಿಯಲ್ಲಿ ಅಡಗಿ ಕೂರುತ್ತದೆ. ಪೈಪಿನ ಗ್ಯಾಸು ಹಗುರ, ಮೇಲಕ್ಕೇರುತ್ತದೆ. ವಾಸನೆ ಬಂತೆಂದರೆ ದೀಪದ ಗುಂಡಿಯನ್ನು ಒತ್ತಲೂ ಬಾರದು, ಆರಿಸಲೂ ಬಾರದು. ವಾಲ್ವು ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು ಫೋನು ಮಾಡಬೇಕು: ಬೆಂಕಿಗೆ 101, ಸಿಲಿಂಡರ್ ಸೋರಿಕೆಗೆ 1906. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹೊಯ್ಯುವ ಹುಡುಗರು ಇಂದಿಗೂ ಇದ್ದಾರೆ. ನೀರು ಬಿದ್ದರೆ ಉರಿಯುವ ಎಣ್ಣೆ ಸೂರಿಗೆ ಹಾರುತ್ತದೆ. ಉರಿ ನಂದಿಸಿ ಮುಚ್ಚಳ ಮುಚ್ಚುವುದೇ ಸರಿ. ಚಿಮಣಿಯೊಳಗೆ ವರ್ಷಗಟ್ಟಲೆ ಕಟ್ಟಿದ ಜಿಡ್ಡಿನ ಮಾತನ್ನು ಧಣಿಗಳು ಕೇಳಲೊಲ್ಲರು, ಅದನ್ನು ತೆಗೆಸಲು ಒಂದು ದಿನದ ವ್ಯಾಪಾರ ಹೋಗುತ್ತದಲ್ಲ!

ಆದರೆ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಳವಳಗೊಳಿಸುವುದು ರಾತ್ರಿಯ ಬೀಗ. ಊರಿನಿಂದ ಬಂದ ಹುಡುಗರು ಹೋಟೆಲಿನ ಮೇಜುಗಳ ಮೇಲೆಯೋ ಅಟ್ಟದಲ್ಲಿಯೋ ಮಲಗುವುದು ಹಳೆಯ ಪದ್ಧತಿ. ಕಳ್ಳತನದ ಭಯಕ್ಕೆ ಹೊರಗಿನಿಂದ ಶಟರಿಗೆ ಬೀಗ ಜಡಿದು ಹೋಗುವ ಧಣಿಗಳಿದ್ದಾರೆ. ಹಿಂಬಾಗಿಲ ಮೆಟ್ಟಿಲಿನ ಮೇಲೆ ಈರುಳ್ಳಿ ಚೀಲ, ಎಣ್ಣೆ ಡಬ್ಬ. ಒಳಗೆ ಜನರಿರುವಾಗ ಹೊರಬೀಳುವ ಬಾಗಿಲಿಗೆ ಬೀಗ ಹಾಕಕೂಡದೆಂದು 1948ರ ಕಾರ್ಖಾನೆ ಕಾನೂನಿನಲ್ಲಿಯೇ ಬರೆದಿದ್ದರು. ಗಿರಣಿಯವರು ಅದನ್ನು ಹೋರಾಡಿ ಪಾಲಿಸುವಂತೆ ಮಾಡಿಸಿಕೊಂಡ ಕಡೆಗಳೂ ಇದ್ದವು. ಹೋಟೆಲಿನ ಹುಡುಗನ ಜೀವ ಗಿರಣಿಯವನ ಜೀವಕ್ಕಿಂತ ಕಡಮೆಯದೇ? ಹೊರಗೆ ಹತ್ತು ಬಂಬು ಬಂದು ನಿಂತರೂ, ಬೀಗ ಒಡೆಯುವಷ್ಟರಲ್ಲಿ ಒಳಗಿನವನನ್ನು ಹೊಗೆಯೇ ಮುಗಿಸಿರುತ್ತದೆ.

ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷೆಯ ಕಾನೂನಿನಂತೆ, ಅದರ ವ್ಯಾಪ್ತಿಗೆ ಬರುವ ಕಟ್ಟಡದ ಮಾಲಿಕನೋ ಅಲ್ಲಿ ವ್ಯವಹಾರ ನಡೆಸುವವನೋ ಬೆಂಕಿ ಆರಿಸುವ ಸಾಮಾನುಗಳು ಸುಸ್ಥಿತಿಯಲ್ಲಿವೆಯೆಂಬ ಪ್ರಮಾಣಪತ್ರವನ್ನು ವರ್ಷಕ್ಕೆ ಎರಡು ಸಲ, ಜನವರಿಯಲ್ಲೂ ಜುಲೈಯಲ್ಲೂ, ಒಪ್ಪಿಸಬೇಕು. ಕಾಗದ ಹೋಗುತ್ತಿರಬಹುದು. ಗೋಡೆಗೆ ತೂಗುಹಾಕಿದ ಕೆಂಪು ಡಬ್ಬಿಯ ಮುಳ್ಳು ಹಸಿರು ಗೆರೆಯಲ್ಲಿದೆಯೋ ಇಲ್ಲವೋ ಎಂದು ನೋಡಬಲ್ಲವನು ಅದರ ಕೆಳಗೆ ದಿನಕ್ಕೆ ಹತ್ತು ಗಂಟೆ ನಿಲ್ಲುವ ಕೆಲಸಗಾರನೇ ಹೊರತು, ಆರು ತಿಂಗಳಿಗೊಮ್ಮೆ ಸಹಿ ಮಾಡುವವನಲ್ಲ.

ಬಾಯಿ ಬಿಟ್ಟರೆ ಕೆಲಸ ಹೋದೀತೆಂಬ ಅಂಜಿಕೆ ಸುಳ್ಳಲ್ಲ. ಒಬ್ಬನೇ ಹೋಗಿ ಧಣಿಯೊಡನೆ ವಾದಿಸು ಎಂದು ನಾವು ಯಾರಿಗೂ ಹೇಳುವುದಿಲ್ಲ. ಒಂದು ಹೋಟೆಲಿನ ಭಟ್ಟರು, ಸಪ್ಲಾಯರು, ಕ್ಲೀನರು ನಾಲ್ಕೈದು ಜನ ಕೂಡಿ ಹೋಗಿ ಕೇಳಬೇಕಾದುದು ಸದ್ಯಕ್ಕೆ ಎರಡೇ: ರಾತ್ರಿಯ ಬೀಗದ ಕೈ ಒಳಗೆ ಮಲಗುವವರ ಕೈಯಲ್ಲಿರಲಿ, ಮೆಟ್ಟಿಲು ಖಾಲಿಯಿರಲಿ. ಇದರಿಂದ ಯಾವ ಧಣಿಗೂ ಒಂದು ಕಾಸಿನ ಖರ್ಚಿಲ್ಲ. ಒಪ್ಪದಿದ್ದಲ್ಲಿ ಹೋಟೆಲಿನ ಹೆಸರು, ವಿಳಾಸ, ಒಳಗೆ ಮಲಗುವವರ ಸಂಖ್ಯೆ ಇಷ್ಟನ್ನು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ಮುಟ್ಟಿಸಿರಿ. ಬರೆದವರ ಹೆಸರು ಬೇಡ. ಧಣಿಯ ಬಳಿಗೆ ಸಂಘದವರೇ ಹೋಗುವರು. ಅಲ್ಲಿಯೂ ಕೆಲಸವಾಗದಿದ್ದರೆ ಆ ಚೀಟಿ ಹತ್ತಿರದ ಬಂಬಖಾನೆಗೆ ಹೋಗುವುದು.