ಸುರಂಗದ ಗಾರೆಗೆ ಸುಣ್ಣ: ಅವಕಾಶವೆಷ್ಟು, ಅರ್ಹತೆಯೆಷ್ಟು?

ಮನೆಗೆ ಸುಣ್ಣ ಬಳಿಯುವ ರೂಢಿ ಕಡಿಮೆಯಾಗಿದೆ. ಕಟ್ಟಡದ ಗಾರೆಯಲ್ಲಿ ಸಿಮೆಂಟು ಸಂಪೂರ್ಣವಾಗಿ ನೆಲೆಯೂರಿದೆ. ಈ ಸನ್ನಿವೇಶದಲ್ಲಿ ರಾಜ್ಯದ ಸುಣ್ಣದ ಗೂಡುಗಳ ಮಾಲೀಕರು ಹಾಗೂ ಸುಣ್ಣದ ವರ್ತಕರು ಹೊಸ ಗ್ರಾಹಕರನ್ನು ಅರಸುವುದು ಸಹಜವೇ ಆಗಿದೆ. ಬೆಂಗಳೂರಿನ ನೆಲದಡಿ ಮೆಟ್ರೊ ಸುರಂಗಗಳು ಸಿದ್ಧವಾಗಿವೆ. ಹೆಬ್ಬಾಳದಿಂದ ರೇಷ್ಮೆ ಮಂಡಳಿ ವೃತ್ತದವರೆಗಿನ ಸುರಂಗ ರಸ್ತೆಯ ಯೋಜನೆಗೆ ರಾಜ್ಯ ಸಚಿವ ಸಂಪುಟವು 2024ರಲ್ಲಿ ಒಪ್ಪಿಗೆ ನೀಡಿದ್ದು, ಅದರ ಕುರಿತು ಪರ ವಿರೋಧ ಚರ್ಚೆಗಳು ನಡೆದಿವೆ. ಆ ಯೋಜನೆಯ ಗತಿ ಏನೇ ಆಗಲಿ, ಇಂತಹ ಕಾಮಗಾರಿಗಳಲ್ಲಿ ನಮ್ಮ ಅರಳಿದ ಸುಣ್ಣಕ್ಕೆ, ಅಂದರೆ ವ್ಯಾಪಾರದ ಭಾಷೆಯ ಹೈಡ್ರೇಟೆಡ್ ಲೈಮ್‌ಗೆ, ಸ್ಥಾನವಿದೆಯೇ ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ಪರಿಶೀಲಿಸುವುದು ಉಚಿತ.

ಸುರಂಗ ಕೊರೆಯುವ ಯಂತ್ರವು ತಾನು ಅಗೆದ ರಂಧ್ರದೊಳಗೆ ಕಾಂಕ್ರೀಟ್ ತುಂಡುಗಳನ್ನು ಜೋಡಿಸಿ ಉಂಗುರ ಕಟ್ಟುತ್ತಾ ಮುಂದೆ ಸಾಗುತ್ತದೆ. ಉಂಗುರದ ಹೊರಮೈಗೂ ಅಗೆದ ನೆಲಕ್ಕೂ ನಡುವೆ ಒಂದು ಸಂದು ಉಳಿಯುವುದು ಅನಿವಾರ್ಯ. ಈ ಸಂದನ್ನು ಒಡನೆಯೇ ಗಾರೆಯಿಂದ ತುಂಬುವ ಕ್ರಿಯೆಯೇ ಗ್ರೌಟಿಂಗ್. ತುಂಬುವುದು ತಡವಾದರೆ ಅಥವಾ ಅರೆಬರೆಯಾದರೆ ಮೇಲಿನ ಮಣ್ಣು ಕುಸಿದು, ರಸ್ತೆ ತಗ್ಗಾಗಿ, ಕಟ್ಟಡಗಳಲ್ಲಿ ಬಿರುಕು ಮೂಡಬಹುದು. ಆದುದರಿಂದ ಇಲ್ಲಿ ಬಳಸುವ ಪ್ರತಿಯೊಂದು ಚೀಲದ ಹಿಂದೆ ಮೇಲೆ ವಾಸಿಸುವವರ ಸುರಕ್ಷತೆಯ ಪ್ರಶ್ನೆಯಿದೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಲೇಸು.

ಈ ಗಾರೆಯಲ್ಲಿ ಮುಖ್ಯವಾಗಿ ಎರಡು ಪದ್ಧತಿಗಳಿವೆ. ಮೊದಲನೆಯದು ಮರಳು, ಹಾರುಬೂದಿ, ಬೆಂಟೊನೈಟ್, ನೀರು ಹಾಗೂ ಬಂಧಕವನ್ನು ಒಟ್ಟಿಗೆ ಕಲಸಿ ಪಂಪು ಮಾಡುವ ಏಕಘಟಕ ಗಾರೆ. ಎರಡನೆಯದು ದ್ವಿಘಟಕ ಗಾರೆ. ಇದರಲ್ಲಿ ಸಿಮೆಂಟು ಮತ್ತು ಬೆಂಟೊನೈಟಿನ ತೆಳುವಾದ ದ್ರಾವಣವನ್ನು ಒಂದು ಕೊಳವೆಯಲ್ಲಿಯೂ, ಸೋಡಿಯಂ ಸಿಲಿಕೇಟನ್ನು ಇನ್ನೊಂದು ಕೊಳವೆಯಲ್ಲಿಯೂ ಕಳುಹಿಸಿ, ಸಂದಿನ ಬಾಯಿಯಲ್ಲಿ ಬೆರೆಸುತ್ತಾರೆ. ಬೆರೆತ ಕೆಲವೇ ಕ್ಷಣಗಳಲ್ಲಿ ಅದು ಗಟ್ಟಿಯಾದ ಲೋಳೆಯಾಗುತ್ತದೆ. ಸುಣ್ಣಕ್ಕೆ ನಿಜವಾದ ಸ್ಥಾನವಿರುವುದು ಮೊದಲನೆಯ ಪದ್ಧತಿಯಲ್ಲಿ. ಫ್ರಾನ್ಸ್ ದೇಶದಲ್ಲಿ ಸಿಮೆಂಟನ್ನು ಪೂರ್ಣವಾಗಿ ಕೈಬಿಟ್ಟು, ಇಲ್ಲವೇ ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ಬಳಸಿ, ಸುಣ್ಣ ಮತ್ತು ಹಾರುಬೂದಿಗಳ ಗಾರೆಯಿಂದ ಸುರಂಗದ ಸಂದು ತುಂಬುವ ಪದ್ಧತಿ ಬಹುಕಾಲದಿಂದ ಪ್ರಚಲಿತವಾಗಿದೆ.

ಸುಣ್ಣದ ಗುಣವೇನು? ಅದರ ಅತಿ ಸೂಕ್ಷ್ಮ ಕಣಗಳು ಗಾರೆಗೆ ಜಿಗುಟನ್ನೂ ನುಣುಪನ್ನೂ ನೀಡುತ್ತವೆ, ನೀರನ್ನು ಹಿಡಿದಿಡುತ್ತವೆ, ಮರಳು ಕೆಳಗಿಳಿದು ನೀರು ಮೇಲೆ ನಿಲ್ಲುವುದನ್ನು ತಗ್ಗಿಸುತ್ತವೆ. ಗಾರೆ ನಿಧಾನವಾಗಿ ಬಿಗಿಯುವುದರಿಂದ ಯಂತ್ರವು ಕೆಲ ಗಂಟೆ ನಿಂತರೂ ಕೊಳವೆಗಳು ಕಟ್ಟಿಕೊಳ್ಳುವ ಭೀತಿ ಕಡಿಮೆ.

ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಗೋಡೆಯ ಮೇಲಿನ ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು. ನೆಲದಡಿಯ ಸಂದಿನಲ್ಲಿ ಅಂತಹ ಗಾಳಿಯ ಸಂಚಾರವಿಲ್ಲ. ಅಲ್ಲಿ ಸುಣ್ಣವು ಬಲಗೊಳ್ಳಬೇಕಾದರೆ ಹಾರುಬೂದಿಯಂತಹ ಸಿಲಿಕಾಯುಕ್ತ ಪುಡಿಯೊಡನೆ ಕೂಡಿಯೇ ಬಲಗೊಳ್ಳಬೇಕು. ಇದು ನಮಗೆ ಹೊಸ ವಿದ್ಯೆಯೇನಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜ ಸಾಗರ ಅಣೆಕಟ್ಟಿನ ಕಲ್ಲುಗಳನ್ನು ಹಿಡಿದಿರುವುದು ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ ಬೆರೆತ ಸುರ್ಕಿ ಗಾರೆ. ಅಂದು ಇಟ್ಟಿಗೆಯ ಪುಡಿ ಮಾಡಿದ ಕೆಲಸವನ್ನು ಇಂದು ಹಾರುಬೂದಿ ಮಾಡಬಲ್ಲದು. ರಾಯಚೂರು ಮತ್ತು ಬಳ್ಳಾರಿಯ ಶಾಖೋತ್ಪನ್ನ ಸ್ಥಾವರಗಳಿಂದ ಅದು ಹೊರಬೀಳುತ್ತಿದೆ.

ಈ ಪ್ರತಿಕ್ರಿಯೆ ನಿಧಾನವಾದುದು. ನೀರಿನ ಒಸರು ಹೆಚ್ಚಿರುವ ಕಡೆ ಬಿಗಿಯುವ ಮೊದಲೇ ಗಾರೆ ಕೊಚ್ಚಿಹೋಗಬಹುದು. ಬೆಂಗಳೂರಿನ ನೆಲವಂತೂ ಒಂದೇ ಹದದ್ದಲ್ಲ; ಮಣ್ಣು, ಶಿಥಿಲ ಶಿಲೆ, ದುಂಡುಗಲ್ಲು, ಗಡಸು ಬಂಡೆ ಎಲ್ಲವೂ ಒಂದರ ಪಕ್ಕ ಒಂದು ಎದುರಾಗುತ್ತವೆ. ಇಂತಹ ಕಡೆ ಉಂಗುರಕ್ಕೆ ತಕ್ಷಣದ ಆಸರೆ ಬೇಕಾದಾಗ ಎಂಜಿನಿಯರರು ದ್ವಿಘಟಕ ಗಾರೆಯನ್ನೇ ಆರಿಸಿದರೆ ಅದನ್ನು ಸುಣ್ಣದ ಮೇಲಿನ ಪೂರ್ವಗ್ರಹವೆಂದು ದೂರುವುದು ನ್ಯಾಯವಲ್ಲ.

ಇನ್ನು ವ್ಯಾಪಾರದ ಲೆಕ್ಕ. ಉಂಗುರದ ಹೊರವ್ಯಾಸ 6.35 ಮೀಟರ್, ಅಗೆದ ವ್ಯಾಸ 6.60 ಮೀಟರ್ ಎಂದು ಇಟ್ಟುಕೊಂಡರೆ, ಒಂದು ಮೀಟರ್ ಉದ್ದಕ್ಕೆ ಸುಮಾರು 2.54 ಘನಮೀಟರ್ ಗಾರೆ ಬೇಕು. ಕಾಳೇನ ಅಗ್ರಹಾರ–ನಾಗವಾರ ಮೆಟ್ರೊ ಮಾರ್ಗದಲ್ಲಿ ಯಂತ್ರಗಳು ಕೊರೆದ ಜೋಡಿ ಸುರಂಗಗಳ ಒಟ್ಟು ಉದ್ದ ಸುಮಾರು 21 ಕಿ.ಮೀ.; ಆ ಕೊರೆಯುವ ಕಾರ್ಯ 2024ರ ಅಕ್ಟೋಬರಿನಲ್ಲಿ ಮುಗಿಯಿತು. ಅಷ್ಟೇ ಉದ್ದದ ಸುರಂಗಕ್ಕೆ ನಷ್ಟ ಸೋರಿಕೆಗಳನ್ನು ಬಿಟ್ಟು ಸುಮಾರು 53,000 ಘನಮೀಟರ್ ಗಾರೆಯಾಗುತ್ತದೆ. ಘನಮೀಟರಿಗೆ 50 ಕಿ.ಗ್ರಾಂ. ಸುಣ್ಣವೆಂದು ಅಂದಾಜಿಗಾಗಿ ಹಿಡಿದರೂ ಒಟ್ಟು ಬೇಡಿಕೆ 2,650 ಟನ್ ಮಾತ್ರ. ದಿನಕ್ಕೆ 20 ಟನ್ ತಯಾರಿಸುವ ಒಂದೇ ಘಟಕವು ಇದನ್ನು ನಾಲ್ಕೂವರೆ ತಿಂಗಳಲ್ಲಿ ಪೂರೈಸಬಲ್ಲದು. ಸುರಂಗ ಬಂದರೆ ಗೂಡುಗಳೆಲ್ಲ ಮತ್ತೆ ಉರಿಯುತ್ತವೆ ಎಂಬ ನಿರೀಕ್ಷೆಯಲ್ಲಿ ಸಾಲ ಮಾಡಿ ಬಂಡವಾಳ ಹೂಡುವವರು ಈ ಅಂಕಿಯನ್ನು ಮರೆಯಬಾರದು.

ಹಾಗಾದರೆ ಈ ಮಾರುಕಟ್ಟೆಯ ಗೊಡವೆಯೇ ಬೇಡವೇ? ನನ್ನ ಅಭಿಪ್ರಾಯದಲ್ಲಿ ಬೇಕು. ಆದರೆ ಪ್ರಮಾಣಕ್ಕಾಗಿ ಅಲ್ಲ, ಅದು ಬೇಡುವ ಗುಣಮಟ್ಟಕ್ಕಾಗಿ. ಅರೆಬೆಂದ ಕಲ್ಲಿನ ಹರಳು ಸುಣ್ಣದಲ್ಲಿ ಉಳಿದರೆ ಪಂಪಿನ ಕವಾಟ ಸವೆಯುತ್ತದೆ, ಕೊಳವೆ ಕಟ್ಟುತ್ತದೆ. ಅತಿಯಾಗಿ ಬೆಂದ ಕಣಗಳು ತಡವಾಗಿ ಅರಳಿ ಉಬ್ಬುತ್ತವೆ. ಗೋದಾಮಿನಲ್ಲಿ ಬಹುಕಾಲ ಉಳಿದ ಚೀಲದೊಳಗಿನ ಸುಣ್ಣವು ಗಾಳಿ ತಗುಲಿ ಮರಳಿ ಸುಣ್ಣದಕಲ್ಲಿನ ಪುಡಿಯೇ ಆಗಿಬಿಡುತ್ತದೆ. ಗೋಡೆಗೆ ಬಳಿಯುವವರು ಇವನ್ನು ಸಹಿಸಿಯಾರು. ಸುರಂಗದ ಗುತ್ತಿಗೆದಾರರು ಒಂದು ಲಾರಿಯನ್ನೂ ಸಹಿಸಲಾರರು. ಇಂದಿನ ಚೀಲವೂ ಮುಂದಿನ ತಿಂಗಳ ಚೀಲವೂ ಒಂದೇ ಹದದಲ್ಲಿರಬೇಕೆಂಬುದೇ ಅವರ ಮೊದಲ ಷರತ್ತು.

ಈ ಷರತ್ತನ್ನು ಪೂರೈಸಬಲ್ಲ ಘಟಕಕ್ಕೆ ಇತರ ಬಾಗಿಲುಗಳೂ ತೆರೆಯುತ್ತವೆ. ಕುಡಿಯುವ ನೀರಿನ ಶುದ್ಧೀಕರಣ, ಕೈಗಾರಿಕಾ ತ್ಯಾಜ್ಯ ನೀರಿನ ಸಂಸ್ಕರಣೆ, ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ರಸ್ತೆಯ ಬುನಾದಿಯನ್ನು ಸುಣ್ಣದಿಂದ ಸ್ಥಿರಗೊಳಿಸುವ ಕೆಲಸ, ಇವೆಲ್ಲಕ್ಕೂ ನಂಬಲರ್ಹವಾದ ಸುಣ್ಣವೇ ಬೇಕು. ಮಣ್ಣು-ಸುಣ್ಣದ ಮಿಶ್ರಣದ ಬಗ್ಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐ.ಆರ್.ಸಿ. 51 ಮಾರ್ಗಸೂಚಿ ಇದೆ. ಸುಣ್ಣದಕಲ್ಲು ಬಾಗಲಕೋಟೆ, ಕಲಬುರಗಿ ಜಿಲ್ಲೆಗಳ ನೆಲದಲ್ಲಿಯೇ ಇದೆ. ಕಲ್ಲು ನಮ್ಮಲ್ಲಿದ್ದೂ ಪುಡಿಯನ್ನು ರಾಜಸ್ಥಾನದಿಂದ ತರಿಸುವಂತಾದರೆ ದೋಷ ಕಲ್ಲಿನದಲ್ಲ.

ಬೆಲೆಯ ಅಸ್ತ್ರವನ್ನೇ ನೆಚ್ಚಿಕೊಳ್ಳುವುದೂ ಸರಿಯಲ್ಲ. ಜಿ.ಎಸ್.ಟಿ.ಯಲ್ಲಿ ಸುಣ್ಣಕ್ಕೆ ಶೇ. 5ರ ದರವಿದೆ. ಸಿಮೆಂಟಿನ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಯಿತು. ಹೂಡುವಳಿ ತೆರಿಗೆಯ ಜಮೆ ಪಡೆಯುವ ಗುತ್ತಿಗೆದಾರರಿಗೆ ಈ ಅಂತರ ಅಷ್ಟೇನೂ ಮುಖ್ಯವಲ್ಲ. ಒಂದು ಗಂಟೆ ಯಂತ್ರ ನಿಂತರೆ ಆಗುವ ನಷ್ಟದ ಮುಂದೆ ಚೀಲದ ಮೇಲಿನ ಹತ್ತಿಪ್ಪತ್ತು ರೂಪಾಯಿಯ ಉಳಿತಾಯ ಲೆಕ್ಕಕ್ಕೆ ಬಾರದು.

ಆದಕಾರಣ ಮೂರು ಸಲಹೆಗಳನ್ನು ಮುಂದಿಡಬಯಸುತ್ತೇನೆ. ಮೊದಲನೆಯದಾಗಿ, ಪ್ರತಿ ಘಟಕವೂ ಐ.ಎಸ್. 712ರ ಪ್ರಕಾರ ತನ್ನ ಸುಣ್ಣದ ವರ್ಗವನ್ನು ತಿಳಿದು, ತಯಾರಿಕೆಯ ದಿನಾಂಕವನ್ನು ಚೀಲದ ಮೇಲೆ ನಮೂದಿಸಿ, ಪ್ರತಿ ಸರಕಿನೊಡನೆ ಪರೀಕ್ಷಾ ಪತ್ರವನ್ನು ಕಳುಹಿಸುವ ಕ್ರಮವನ್ನು ರೂಢಿಸಿಕೊಳ್ಳಬೇಕು. ಎರಡನೆಯದಾಗಿ, ಸಣ್ಣ ಘಟಕವೊಂದು ತಾನಾಗಿ ಪ್ರಯೋಗಾಲಯ ಕಟ್ಟಲಾರದು. ಕಲ್ಲಿನ ಸೀಮೆಯ ಸಮೀಪದಲ್ಲಿ ಸಾಮೂಹಿಕ ಪರೀಕ್ಷಾ ಕೇಂದ್ರವೊಂದನ್ನು ಸ್ಥಾಪಿಸಲು ನಮ್ಮ ವಾಣಿಜ್ಯ ಮಂಡಳಿಯು ಮುಂದಾಗಬೇಕು. ಮೂರನೆಯದಾಗಿ, ಟೆಂಡರು ಕರೆಯುವ ಸಾರ್ವಜನಿಕ ಸಂಸ್ಥೆಗಳು ಗಾರೆಯಲ್ಲಿ ಏನಿರಬೇಕೆಂದು ಹೇಳುವ ಬದಲು ಅದು ಏನು ಮಾಡಬೇಕೆಂದು ಹೇಳಬೇಕು. ಹರಿಯುವ ಗುಣ, ನೀರು ಬಿಡದಿರುವಿಕೆ, ನಿಗದಿತ ಗಂಟೆಗಳಲ್ಲಿ ಬರಬೇಕಾದ ಬಲ ಇಷ್ಟನ್ನು ವಿಧಿಸಿದರೆ ಸಾಕು. ಸುಣ್ಣವು ಆ ಪರೀಕ್ಷೆಯಲ್ಲಿ ಗೆದ್ದರೆ ಒಳಗೆ ಬರಲಿ, ಸೋತರೆ ಹೊರಗುಳಿಯಲಿ.

ಇದರೊಡನೆ ಹಣ ಪಾವತಿಯ ವಿಷಯವೂ ಇದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ; ಮೀರಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಸಲ್ಲಬೇಕು. ದೊಡ್ಡ ಗುತ್ತಿಗೆದಾರರಿಗೆ ಮಾಲು ಒದಗಿಸಲು ಹೊರಡುವ ಸದಸ್ಯರು ಉದ್ಯಮ್ ನೋಂದಣಿ ಮಾಡಿಸಿ, ಈ ಷರತ್ತನ್ನು ಖರೀದಿ ಆದೇಶದಲ್ಲಿಯೇ ಬರೆಯಿಸಿಕೊಳ್ಳುವುದು ಕ್ಷೇಮ.

ಸುರಂಗದ ಕಾಮಗಾರಿಯು ಇಂದಲ್ಲ ನಾಳೆ ಮುಗಿಯುವಂಥದು. ಅದಕ್ಕಾಗಿ ಕಲಿತ ಶಿಸ್ತು ಮಾತ್ರ ಘಟಕದಲ್ಲಿಯೇ ಉಳಿಯುತ್ತದೆ. ಅದನ್ನು ಗಳಿಸಿಕೊಂಡವರಿಗೆ ಸುರಂಗದ ಬೇಡಿಕೆ ಬಂದರೂ ಲಾಭ, ಬಾರದಿದ್ದರೂ ನಷ್ಟವಿಲ್ಲ. ಈ ಬಗ್ಗೆ ಸುಣ್ಣದ ಉತ್ಪಾದಕರು, ಹಾರುಬೂದಿಯ ವರ್ತಕರು ಹಾಗೂ ಕಾಮಗಾರಿಯ ಎಂಜಿನಿಯರರನ್ನು ಒಂದೆಡೆ ಸೇರಿಸಿ ಚರ್ಚೆ ನಡೆಸುವ ಕಾರ್ಯವನ್ನು ಮಂಡಳಿಯು ಬೇಗನೆ ಕೈಗೆತ್ತಿಕೊಳ್ಳಲೆಂದು ಆಶಿಸುತ್ತೇನೆ.